ಶ್ರೀಶೈಲದಿಂದ ಬರುವಾಗ ಗಾಡಿ ಭಾರವಾದದ್ದು

ಆಗ ನನಗೆ ಅರವತ್ತೊಂದು ವಯಸ್ಸು. ಅದಾಗಿ ಏಳು ಬೇಸಿಗೆ ಕಳೆದಿವೆ. ಅಲ್ಲಿಯವರೆಗೆ ಯಾರಾದರೂ ನನ್ನ ಮುಂದೆ ಕೂತು, ಅಲ್ಲಿ ಏನೋ ಕಂಡಿತು, ಇಲ್ಲಿ ಯಾರೋ ಕರೆದಂತಾಯಿತು ಎಂದರೆ, ಮೊದಲು ನಿನ್ನ ಹೊಟ್ಟೆ ಸರಿ ಇದೆಯೋ ಇಲ್ಲವೋ ನೋಡಿಕೋ ಎನ್ನುತ್ತಿದ್ದೆ. ದೆವ್ವವನ್ನೂ ನಂಬಿದವಳಲ್ಲ, ದೇವರನ್ನೂ ಅಷ್ಟಾಗಿ ನಂಬಿದವಳಲ್ಲ. ಪೂಜೆ ಮಾಡುತ್ತಿದ್ದೆ, ಹಲ್ಲುಜ್ಜುವ ಹಾಗೆ. ಈಗಲೂ ನಂಬುತ್ತೇನೆ ಎಂದು ಹೇಳುವುದಿಲ್ಲ. ಆದರೆ ನಡೆದದ್ದನ್ನು ನಡೆಯಲಿಲ್ಲ ಎನ್ನಲು ನನ್ನಿಂದ ಆಗದು. ನಾನು ಶಾಲೆ ಕಂಡದ್ದು ನಾಲ್ಕನೆಯ ಇಯತ್ತೆಯವರೆಗೆ. ಹೆಚ್ಚು ಬಣ್ಣ ಹಚ್ಚಿ ಬರೆಯಲು ಬಾರದು. ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಕಲಬುರಗಿಯ ಸೇಡಂ ರಸ್ತೆಯ ಹಿಂದೆ ನಮ್ಮ ಮನೆ. ಮನೆಯಲ್ಲಿ ನಾನು, ಮಗ, ಸೊಸೆ. ಮಗ ನಂದೂರಿನ ಬೇಳೆ ಮಿಲ್ಲಿನಲ್ಲಿ ಸೂಪರ್‌ವೈಜರ್. ಸೊಸೆ ಸುಜಾತಾ ಆಸ್ಪತ್ರೆಯೊಂದರಲ್ಲಿ ರಕ್ತ ಪರೀಕ್ಷೆ ಮಾಡುತ್ತಾಳೆ. ಅವಳದೇ ಒಂದು ಬುಲೆಟ್ ಗಾಡಿ ಇದೆ. ಮಗನಿಗೆ ಆ ಗಾಡಿ ಎಂದರೆ ಹೆದರಿಕೆ. ಅವನು ಸ್ಕೂಟರಿನಲ್ಲಿ ಹೋಗುತ್ತಾನೆ. ನಮ್ಮ ಓಣಿಯವರಿಗೆ ಇದು ದಿನಾ ಬೆಳಗಿನ ತಮಾಷೆ.

ಸುಜಾತಾಳ ತವರು ಕಮಲಾಪುರ. ಅವಳು ತಾನೇ ನೋಡಿ ನನ್ನ ಮಗನನ್ನು ಮದುವೆಯಾದವಳು. ಜಾತಿ ಬೇರೆಯಲ್ಲ, ಊರು ದೂರವಲ್ಲ. ತನ್ನನ್ನು ಒಂದು ಮಾತು ಕೇಳಲಿಲ್ಲ ಎಂಬುದೇ ಅವಳ ತಾಯಿಯ ಸಿಟ್ಟು. ಆ ದಿನವೇ ಹೇಳಿಬಿಟ್ಟಿದ್ದಳು: "ನಾ ಕರಿಯೂತನಕ ನನ್ನ ಹೊಸಲ ತುಳಿಬ್ಯಾಡ." ಆಮೇಲೆ ಕರೆಯಲಿಲ್ಲ. ಇವಳೂ ಕರೆಯದೆ ಹೋಗುವವಳಲ್ಲ. ಪ್ರತಿ ಬೇಸಿಗೆಯಲ್ಲಿ ಒಂದು ಭಾನುವಾರ ಗಾಡಿ ತೆಗೆದುಕೊಂಡು ಕಮಲಾಪುರಕ್ಕೆ ಹೋಗುವಳು. ಹೆದ್ದಾರಿಯ ಬದಿಯ ಬಂಡಿಯಲ್ಲಿ ಕೆಂಪು ಬಾಳೆಹಣ್ಣು ಕೊಂಡು ಅಲ್ಲೇ ನಿಂತು ತಿನ್ನುವಳು. ತಾಯಿಯ ಓಣಿಯ ಕಡೆ ತಿರುಗದೆ ಮನೆಗೆ ಬರುವಳು. ನಮಗೂ ಒಂದು ಡಜನ್ ತರುತ್ತಿದ್ದಳು. ಹಣ್ಣು ಮಾತ್ರ ಬಹಳ ಚೆನ್ನಾಗಿರುತ್ತಿತ್ತು.

ಆ ವರ್ಷ ಅವಳ ತಂಗಿಯ ಮದುವೆ ಗೊತ್ತಾಗಿತ್ತು. ಬಸವ ಜಯಂತಿ ಮುಗಿದ ಮೇಲೆ, ಕಮಲಾಪುರದ ಮನೆಯ ಮುಂದೆಯೇ ಮಂಟಪ. ಕರೆಯೋಲೆ ಶರಣಸಿರಸಗಿಯಲ್ಲಿರುವ ನನ್ನ ಅಕ್ಕನಿಗೂ ಬಂತು. ಎದುರು ಮನೆಯ ಮಾಸ್ತರರಿಗೂ ಬಂತು. ನಮಗೆ ಬರಲಿಲ್ಲ. ಆದರೆ ಸುಜಾತಾ ತಂಗಿಗೆಂದು ಸೀರೆ ತಂದು ಟ್ರಂಕಿನಲ್ಲಿ ಇಟ್ಟದ್ದನ್ನು ನಾನು ನೋಡಿದ್ದೆ. ತಂಗಿಯ ಮೈಗೆ ಅರಿಶಿನ ಹಚ್ಚುವ ದಿನ ಈ ಹುಡುಗಿ ಯಾರದೋ ರಕ್ತ ತೆಗೆಯುತ್ತ ಕೂಡಬೇಕೇ ಎಂದು ನನಗೂ ಅನ್ನಿಸುತ್ತಿತ್ತು. ಅನ್ನಿಸಿ ಏನು ಮಾಡುವುದು? ಗಂಡಿನ ಕಡೆಯವಳು ನಾನು. ನಾನು ಹೋಗಿ ಬಾಯಿ ತೆರೆದರೆ ಇನ್ನೊಂದು ಜಗಳ.

ಇನ್ನು ಶ್ರೀಶೈಲದ ವಿಷಯ. ನಮ್ಮ ಕಡೆಯ ಜನರಿಗೆ ಅಲ್ಲಿಯ ಭ್ರಮರಾಂಬೆ ಮನೆಮಗಳು, ಮಲ್ಲಯ್ಯ ಅಳಿಯ. ಮದುವೆ ಮಾಡಿ ದೂರದ ಬೆಟ್ಟಕ್ಕೆ ಕೊಟ್ಟ ಮಗಳಿಗೆ ವರ್ಷಕ್ಕೊಮ್ಮೆ ಸೀರೆ, ಬಳೆ, ಅರಿಶಿನ ಒಯ್ದು ಕೊಡುವುದು ರೂಢಿ. ನನ್ನ ಅಕ್ಕ ಪ್ರತಿ ವರ್ಷ ಯುಗಾದಿಗೆ ಮುಂಚೆ ಪಾದಯಾತ್ರೆಯವರ ಜೊತೆ ನಡೆದು ಹೋಗಿ ಕೊಟ್ಟು ಬರುತ್ತಿದ್ದಳು. ಆ ವರ್ಷ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡಳು. ಸೀರೆ ಮನೆಯಲ್ಲೇ ಉಳಿಯಿತು. ಯುಗಾದಿ ಮುಗಿದರೂ ಅವಳ ಗೋಳು ಮುಗಿಯಲಿಲ್ಲ.

"ಮಗಳು ದಾರಿ ನೋಡಾಕತ್ತಿರತಾಳ," ಎಂದು ಪ್ಲಾಸ್ಟರ್ ಕಾಲು ಚಾಚಿಕೊಂಡು ಅಳುತ್ತಿದ್ದಳು.

"ಕಲ್ಲಿಗೆ ಕಣ್ಣೆಲ್ಲಿ ಬಂದವು, ದಾರಿ ನೋಡಾಕ?" ಎಂದೆ ನಾನು.

ಆಗ ಸುಜಾತಾ ನಡುವೆ ಬಾಯಿ ಹಾಕಿದಳು. "ದೊಡ್ಡತ್ತಿ, ಸೀರಿ ನನ್ನ ಕೈಯಾಗ ಕೊಡ್ರಿ. ನಾನೂ ಅತ್ತಿನೂ ಗಾಡಿ ಮ್ಯಾಲ ಹೋಗಿ ಕೊಟ್ಟು ಬರ್ತೀವಿ. ಘಾಟ್ ರಸ್ತಾ ಭಾಳ ಛಲೋ ಅದ ಅಂತ, ನಂಗೂ ನೋಡೂದದ."

ಮಗ ಬೇಡ ಎಂದ. ಬಿಸಿಲು, ಲಾರಿ, ಕಾಡು, ಅವ್ವನ ಸೊಂಟ ಎಂದು ಎಲ್ಲ ಹೇಳಿದ. ಅವನು ಬೇಡ ಎಂದದ್ದಕ್ಕೇ ನನಗೆ ಹೋಗಬೇಕು ಅನ್ನಿಸಿತು. ಅಕ್ಕ ಗಂಟು ಕಟ್ಟಿಕೊಡುತ್ತ ಒಂದೇ ಮಾತು ಹೇಳಿದಳು: "ಕೊಟ್ಟು ಬಾ. ಕರದು ಬರಬ್ಯಾಡ. ಅದು ನಮ್ಮ ಹಿರೇರ ಕಟ್ಟಳಿ. ಆಕಿ ಗಂಡನ ಮನ್ಯಾಗ ಸುಖದಿಂದ ಇದ್ದಾಳ. ಕರದರ ಬರ್ತಾಳ, ಬಂದಾಕಿನ್ನ ಸಂಭಾಳಸೂದು ನಮ್ಮ ಕೈಲಿ ಆಗಂಗಿಲ್ಲ."

"ಹೂಂ, ಟಿಕೇಟ್ ತಗಸಿ ಕರಕೊಂಡ ಬರ್ತೀನಿ," ಎಂದು ನಕ್ಕೆ.

ಬೆಳಕು ಹರಿಯುವ ಮುಂಚೆ ಹೊರಟೆವು. ಸುಜಾತಾಳ ಹಳೆಯ ಪ್ಯಾಂಟು ಹಾಕಿಕೊಂಡು ಅದರ ಮೇಲೆ ಸೀರೆ ಎತ್ತಿ ಕಟ್ಟಿ, ಗಂಡಸರ ಹಾಗೆ ಎರಡೂ ಕಡೆ ಕಾಲು ಹಾಕಿ ಕೂತೆ. ಗಂಟನ್ನೂ ನಮ್ಮ ಬಟ್ಟೆಯ ಬ್ಯಾಗನ್ನೂ ಹಿಂದಿನ ಕ್ಯಾರಿಯರಿಗೆ ಬಿಗಿದಿದ್ದೆವು. ಸೇಡಂ ದಾಟುವಷ್ಟರಲ್ಲಿ ನನ್ನ ಹೆದರಿಕೆ ಹೋಯಿತು. ಕೊಡಂಗಲ್ ದಾಟಿದ ಮೇಲೆ ಇನ್ನಷ್ಟು ಜೋರು ಹೋಗು ಎಂದು ನಾನೇ ಬೆನ್ನಿಗೆ ತಿವಿಯತೊಡಗಿದೆ. ಇಷ್ಟು ವರ್ಷ ನಾನು ಕಂಡ ವೇಗವೆಂದರೆ ಸಿಟಿ ಬಸ್ಸಿನದು. ಗಾಳಿ ಹೀಗೆ ಮುಖಕ್ಕೆ ಹೊಡೆಯುತ್ತದೆ, ಭೂಮಿ ಹೀಗೆ ಕಾಲ ಕೆಳಗೆ ಓಡುತ್ತದೆ ಎಂದು ಯಾರೂ ನನಗೆ ಹೇಳಿರಲಿಲ್ಲ. ಹೇಳಿದ್ದರೆ ಮೂವತ್ತು ವರ್ಷ ಮೊದಲೇ ಕಲಿಯುತ್ತಿದ್ದೆ.

ಮನ್ನನೂರಿನ ಗೇಟು ದಾಟಿದರೆ ಕಾಡು. ನಮ್ಮ ಕಡೆ ನೆಲ ತಟ್ಟಿದ ರೊಟ್ಟಿಯಂತೆ ಸಪಾಟು. ಅಲ್ಲಿ ರಸ್ತೆ ಒಮ್ಮೆ ಆಕಾಶಕ್ಕೆ ಹತ್ತುತ್ತದೆ, ಒಮ್ಮೆ ಬಾವಿಗೆ ಇಳಿದಂತೆ ಇಳಿಯುತ್ತದೆ. ಎಲೆ ಉದುರಿದ ತೇಗದ ಮರಗಳು, ಒಣಗಿದ ಬಿದಿರು, ಕಲ್ಲಿನ ಮೇಲೆ ಕೂತ ಕೋತಿಗಳು. ತಿರುವಿನಲ್ಲಿ ಗಾಡಿ ಒಂದು ಕಡೆ ಬಾಗಿದರೆ ನಾನು ಹೆದರಿ ಇನ್ನೊಂದು ಕಡೆ ಬಾಗುತ್ತಿದ್ದೆ.

"ಅತ್ತೀ, ನಾ ಬಾಗಿದ ಕಡಿ ಬಾಗ್ರಿ! ಹಟ ಮಾಡಬ್ಯಾಡ್ರಿ, ಇಬ್ಬರೂ ಕೆಳಗ ಹೋಗ್ತೀವಿ!"

ಹಾಗೇ ಮಾಡಿದೆ. ಎರಡು ತಿರುವು ಕಳೆದವು. ಮುಂದಿನಿಂದ ನಗೆ ಕೇಳಿಸಿತು. "ಮದಿವಿ ಆದ ಮ್ಯಾಲ ಮೊದಲನೇ ಸಲ ನಾ ಹೇಳಿದಂಗ ಕೇಳೀರಿ ನೋಡ್ರಿ."

"ಜೀವದ ಆಸೆಗೆ ಕೇಳೀನಿ, ನಿನ್ನ ಮ್ಯಾಲಿನ ಪ್ರೀತಿಗಲ್ಲ," ಎಂದೆ.

ಕೆಳಗೆ ಕೃಷ್ಣಾ ನದಿ ಕಂಡಾಗ ಇಬ್ಬರೂ ಹುಚ್ಚರ ಹಾಗೆ ಕೂಗಿದೆವು. ಅಣೆಕಟ್ಟಿನ ಕೆಳಗಿನ ಸೇತುವೆ ದಾಟಿ, ಮತ್ತೆ ಗುಡ್ಡ ಹತ್ತಿ, ಸಂಜೆಗೆ ಶ್ರೀಶೈಲ ಮುಟ್ಟಿದೆವು. ಛತ್ರದಲ್ಲಿ ಮಲಗಿದೆವು. ಮೈಯೆಲ್ಲ ನೋವು. ಆದರೂ ನಿದ್ದೆಯಲ್ಲೂ ನಾನು ಆ ಕಡೆ ಈ ಕಡೆ ಬಾಗುತ್ತಿದ್ದೆ ಎಂದು ಸುಜಾತಾ ಬೆಳಿಗ್ಗೆ ಹೇಳಿದಳು.

ಮರುದಿನ ಗುಡಿಯಲ್ಲಿ ಸಾಲು ಉದ್ದವಿರಲಿಲ್ಲ. ಅಮ್ಮನವರ ಮುಂದೆ ಸೀರೆ, ಬಳೆ, ಅರಿಶಿನ ಒಪ್ಪಿಸಿದೆವು. ಅಲ್ಲಿ ನಿಲ್ಲಲು ಬಿಡುವುದು ಕಣ್ಣು ಮಿಟುಕಿಸುವಷ್ಟು ಹೊತ್ತು. ಜರುಗಿರಿ ಜರುಗಿರಿ ಎಂದು ಹಿಂದಿನಿಂದ ನೂಕುತ್ತಿದ್ದರು. ತಿರುಗುವಾಗ ನನ್ನ ಬಾಯಿ ತಾನಾಗಿಯೇ ಆಡಿಬಿಟ್ಟಿತು: "ಬರ್ತೀನವ್ವಾ. ಬ್ಯಾಸಿಗ್ಯಾಗ ನಾಕ ದಿನ ಮನಿಗೆ ಬಂದು ಹೋಗು. ಗಾಡಿ ಮ್ಯಾಲ ಜಾಗ ಅದ."

ಭಕ್ತಿಯಿಂದ ಹೇಳಿದ್ದಲ್ಲ. ಕೊಟ್ಟ ಮಗಳ ಮನೆಯಿಂದ ಎದ್ದು ಬರುವಾಗ ನಮ್ಮ ಕಡೆಯ ಯಾವ ಹೆಂಗಸೂ ಹೀಗೆ ಅನ್ನದೆ ಬರುವುದಿಲ್ಲ. ಅಭ್ಯಾಸ. ಹೊರಗೆ ಬಂದು ಚಪ್ಪಲಿ ಹುಡುಕುವಷ್ಟರಲ್ಲಿ ಹೇಳಿದ್ದೂ ಮರೆತೆ.

ಬಿಸಿಲು ಏರುವ ಹೊತ್ತಿಗೆ ಹೊರಟೆವು. ಇಳಿಜಾರಿನಲ್ಲೇ ಸುಜಾತಾ ಒಂದೆರಡು ಸಲ ಹಿಂದೆ ತಿರುಗಿ ನೋಡಿದಳು. ಸೇತುವೆ ದಾಟಿ ದೋಮಲಪೆಂಟದ ಕಡೆ ಹತ್ತತೊಡಗಿದಾಗ ಗಾಡಿ ಏದುಸಿರು ಬಿಡತೊಡಗಿತು. ಹೋಗುವಾಗ ಇಂಥದೇ ಏರನ್ನು ಹಾಡುತ್ತ ಹತ್ತಿದ ಗಾಡಿ ಅದು.

"ಅತ್ತೀ, ಗುಡ್ಡದ ಕಲ್ಲೇನರ ತಗೊಂಡು ಬಂದೀರೇನ್ರಿ? ಗಾಡಿ ಜಗ್ಗವಲ್ದು. ಟ್ರಿಪಲ್ ಸೀಟ್ ಹೊಡದಂಗ ಆಗಾಕತ್ತದ."

ಕಲ್ಲೂ ಇಲ್ಲ, ಏನೂ ಇಲ್ಲ. ಹೋಗುವಾಗ ಇದ್ದ ಗಂಟು ಕೂಡ ಇರಲಿಲ್ಲ. ಆದರೆ ನನಗೊಂದು ವಿಷಯ ಗೊತ್ತಾಗಿತ್ತು. ಹೋಗುವಾಗ ನಾನು ಆರಾಮಾಗಿ ಕಾಲು ಅಗಲಿಸಿ ಕೂತಿದ್ದೆ. ಈಗ ಸುಜಾತಾಳ ಬೆನ್ನಿಗೆ ಅಂಟಿಕೊಂಡು ಕೂತಿದ್ದೆ. ಹಿಂದೆ ಸರಿಯೋಣ ಎಂದರೆ ಜಾಗ ಸಾಲುತ್ತಿರಲಿಲ್ಲ. ಕೈ ಹಿಂದೆ ಹಾಕಿದರೆ ಬರಿಯ ಸೀಟು, ಬರಿಯ ಗಾಳಿ.

ಒಂದು ತಿರುವಿನಲ್ಲಿ ಸುಜಾತಾ ಗಾಡಿ ನಿಲ್ಲಿಸಿದಳು. ಪಂಕ್ಚರ್ ಎಂದುಕೊಂಡಳು. ಟೈರು ಕಲ್ಲಿನ ಹಾಗೆ ಗಟ್ಟಿ ಇತ್ತು. ಇಬ್ಬರೂ ಇಳಿದು ನಿಂತೆವು. ಆಗ ಅವಳು ಹಿಂದಿನ ಸ್ಪ್ರಿಂಗ್ ತೋರಿಸಿದಳು. ಜನ ಕೂತಾಗ ಅದು ಎಷ್ಟು ಕೆಳಗೆ ಒತ್ತಿರುತ್ತದೋ ಅಷ್ಟೇ ಒತ್ತಿತ್ತು. ಮಡ್‌ಗಾರ್ಡು ಟೈರಿಗೆ ತಾಗುವಂತಿತ್ತು. ಗಾಡಿಯ ಮೇಲೆ ಯಾರೂ ಇರಲಿಲ್ಲ. ನಾವಿಬ್ಬರೂ ರಸ್ತೆಯ ಮೇಲಿದ್ದೆವು. ಬ್ಯಾಗನ್ನೂ ಬಿಚ್ಚಿ ಕೆಳಗಿಟ್ಟೆವು. ಸ್ಪ್ರಿಂಗ್ ಮೇಲೆ ಬರಲಿಲ್ಲ. ಡಬಲ್ ಸ್ಟ್ಯಾಂಡ್ ಹಾಕಲು ಹೋದರೆ ಇಬ್ಬರ ಕೈಯಲ್ಲೂ ಆಗಲಿಲ್ಲ.

ಸೀಟು ಮುಟ್ಟಿ ನೋಡಿದೆ. ಅಷ್ಟು ಹೊತ್ತು ಬಿಸಿಲಿಗೆ ನಿಂತದ್ದು. ಮುಂದಿನ ಭಾಗ ಕೈ ಸುಡುತ್ತಿತ್ತು. ನಾನು ಕೂಡುವ ಜಾಗವೂ ಸುಡುತ್ತಿತ್ತು. ಅದರ ಹಿಂದಿನ ಒಂದು ಗೇಣು ಜಾಗ ಸುಡುತ್ತಿರಲಿಲ್ಲ.

ನನ್ನ ಮೈಯಲ್ಲಿ ಜುಮ್ ಎಂದಿತು. ಹೆದರಿಕೆ ಎಂದರೆ ಸುಳ್ಳಾಗುತ್ತದೆ. ಜಾತ್ರೆಯ ತೊಟ್ಟಿಲು ಮೇಲಕ್ಕೆ ಹೋಗಿ ಕೆಳಗೆ ಬರುವಾಗ ಕೂಗಬೇಕು ಅನ್ನಿಸುತ್ತದಲ್ಲ, ಹಾಗೆ. ಸುಜಾತಾಳನ್ನು ನೋಡಿದೆ. ಅವಳ ಕಣ್ಣು ಮಿಂಚುತ್ತಿದ್ದವು. ಹತ್ತಿ ಕೂತು ಎರಡನೆಯ ಗೇರಿನಲ್ಲೇ ಗುಡ್ಡ ಹತ್ತಿಸಿದಳು. ನಾನು, ಏಕೋ ಗೊತ್ತಿಲ್ಲ, ಇನ್ನಷ್ಟು ಮುಂದೆ ಸರಿದು ಕೂತೆ.

ಕಾಡು ಮುಗಿದು ಬಯಲಿಗೆ ಬಂದ ಮೇಲೆ ಒಂದು ಊರಿನ ಸರ್ಕಲ್ಲಿನಲ್ಲಿ ಪೊಲೀಸ್ ಪೇದೆ ಸೀಟಿ ಹೊಡೆದ. "ಮುಗ್ಗುರಾ? ಬುದ್ಧಿ ಉಂದಾ?" ಎಂದು ಬೈಯುತ್ತ ಬಂದ. ನನ್ನ ತವರು ಸೇಡಂ ಕಡೆಯದು, ತೆಲುಗು ತಿಳಿಯುತ್ತದೆ. ಮೂವರು ಕೂತಿದ್ದೀರಿ, ಬುದ್ಧಿ ಇದೆಯೇ ಎಂದು ಕೇಳಿದ್ದ. ಹತ್ತಿರ ಬಂದವನು ನಿಂತುಬಿಟ್ಟ. ನನ್ನನ್ನು ನೋಡಿದ. ಗಾಡಿಯ ಹಿಂದೆ ಒಂದು ಸುತ್ತು ಹಾಕಿದ. ರಸ್ತೆಯ ಆ ಕಡೆ ನೋಡಿದ.

"ಇಂಕೊಕಾಮೆ ಏದಿ?" ಎಂದ. ಇನ್ನೊಬ್ಬಳೆಲ್ಲಿ ಎಂದು.

"ನಾವಿಬ್ಬರೇ ರೀ," ಎಂದಳು ಸುಜಾತಾ.

ಅವನು ಟೋಪಿ ತೆಗೆದು ಹಣೆ ಒರೆಸಿಕೊಂಡ. ಬಿಸಿಲು ಜಾಸ್ತಿ ಇದೆ, ನೀರು ಕುಡಿದು ಹೋಗಿ ಎಂದ. ನಮಗೆ ಹೇಳಿದನೋ ತನಗೇ ಹೇಳಿಕೊಂಡನೋ ಗೊತ್ತಿಲ್ಲ.

ಊರ ಹೊರಗಿನ ಕಬ್ಬಿನ ಹಾಲಿನ ಅಂಗಡಿಯಲ್ಲಿ ಕೂತಾಗ ಸುಜಾತಾ ಕೇಳಿದಳು. "ಅತ್ತೀ, ಖರೇ ಹೇಳ್ರಿ. ಗುಡ್ಯಾಗ ಏನಂದ್ರಿ?"

ಹೇಳಿದೆ. ಅವಳು ಮೊದಲು ಬಾಯಿಗೆ ಕೈ ಇಟ್ಟುಕೊಂಡಳು. ಆಮೇಲೆ ನಗತೊಡಗಿದಳು. ಅಂಗಡಿಯವನು ತಿರುಗಿ ನೋಡುವಷ್ಟು ನಕ್ಕಳು. ನನಗೂ ನಗೆ ಬಂತು. ನಡುಮಧ್ಯಾಹ್ನ, ನಡುರಸ್ತೆ, ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗುತ್ತ ನಗುತ್ತಲೇ ಅವಳು ಅಂದಳು: "ನಮ್ಮವ್ವ ಹಡದ ಮಗಳಿಗೆ ಬಾ ಅನವಲ್ಲಳು. ನೀವು ನೋಡ್ರಿ, ಕಲ್ಲಿನ ಮಗಳಿಗೆ ಬಾ ಅಂದು ಬಂದೀರಿ." ಆಮೇಲೆ ನಗಲಿಲ್ಲ. ಗ್ಲಾಸಿನಲ್ಲಿದ್ದದ್ದನ್ನು ಕುಡಿಯದೆ ಎದ್ದಳು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆ ಮುಟ್ಟಿದೆವು. ಗಾಡಿ ಹಾಗೇ ಭಾರ. ಮಗ ಒಳಗೆ ನಿಲ್ಲಿಸಲು ಹೋಗಿ ತಳ್ಳಲಾರದೆ, "ಹಿಂದಿನ ಸ್ಪ್ರಿಂಗ್, ಶಾಕಪ್ ಎಲ್ಲಾ ಹೋಗ್ಯಾವ, ಎಷ್ಟ ಸಲ ಹೇಳೀನಿ ಈ ಗಾಡಿ ಮಾರು ಅಂತ," ಎಂದು ಗೊಣಗಿದ. ನಾನು ಅಕ್ಕನಿಗೆ ಫೋನು ಹಚ್ಚಿದೆ.

"ಕರದೇನು?" ಎಂದಳು ಅಕ್ಕ, ನಾನು ಬಾಯಿ ತೆಗೆಯುವ ಮೊದಲೇ.

"ಬಾಯಿ ತಪ್ಪಿ ಬಂತು."

"ನಿನ್ನ ಬಾಯಿ ಯಾವಾಗ ತಪ್ಪಿಲ್ಲ? ಸಣ್ಣಾಕಿ ಇದ್ದಾಗಿಂದ ಹಂಗೇ ಅದ." ಬೈದು ಮುಗಿಸಿದ ಮೇಲೆ ಅವಳ ದನಿ ಇಳಿಯಿತು. "ಈಗ ಬಾಗಿಲಾಗ ನಿಲ್ಲಸಬ್ಯಾಡ. ಕಾಲಿಗೆ ನೀರು ಕೊಟ್ಟು ಒಳಗ ಕರಿ. ಕರಸಿಕೊಂಡು ಬಂದಾಕಿ ತವರಿನ ಹೊಸಲ ದಾಟಬೇಕು, ಅಲ್ಲೀತನಕ ಇಳ್ಯಂಗಿಲ್ಲ."

ನಂಬದ ನಾನು, ಮಗನ ಕಣ್ಣು ತಪ್ಪಿಸಿ, ಬಾಗಿಲಲ್ಲಿ ಒಂದು ಚೆಂಬು ನೀರು ಇಟ್ಟು ಬಾರವ್ವಾ ಎಂದೆ. ನಾಚಿಕೆಯಾಯಿತು. ಆಮೇಲೆ ಹೋಗಿ ಗಾಡಿ ನೋಡಿದೆ. ಸ್ಪ್ರಿಂಗ್ ಒತ್ತಿದ್ದು ಒತ್ತಿದ ಹಾಗೇ ಇತ್ತು.

ಅಂಗಳದ ಕಟ್ಟೆಯ ಮೇಲೆ ಕೂತು ವಿಚಾರ ಮಾಡಿದೆ. ನನ್ನ ತವರಿನ ಬಾಗಿಲು ಮುಚ್ಚಿ ವರ್ಷಗಳಾದವು. ಈ ಮನೆ ನನಗೆ ಅತ್ತೆಯ ಮನೆ. ಸುಜಾತಾಳಿಗೂ ಅತ್ತೆಯ ಮನೆ. ನನಗೆ ಹುಟ್ಟಿದ್ದು ಒಬ್ಬನೇ ಮಗ. ಹೆಣ್ಣುಮಗಳೊಬ್ಬಳು ತವರೆಂದು ಬಂದು ಕೂಡುವ ಹೊಸ್ತಿಲು ಇದಲ್ಲವೇ ಅಲ್ಲ. ತವರಿಲ್ಲದ ಮನೆಗೆ ಕರೆತಂದು ಇಳಿ ಎಂದರೆ ಯಾರು ಇಳಿದಾರು?

ಮುಂದೆ ಆ ಗಾಡಿಯನ್ನು ಇಬ್ಬರು ಮೆಕ್ಯಾನಿಕ್‌ಗಳಿಗೆ ತೋರಿಸಿದೆವು. ಎಲ್ಲಾ ಬರಾಬರಿ ಅದ ಎಂದರು. ಇವತ್ತಿಗೂ ಅದೇ ಸ್ಪ್ರಿಂಗಿನಲ್ಲಿ ಓಡುತ್ತಿದೆ. ಬಿಸಿಲಿಗೆ ಶಾಕಪ್ಪಿನೊಳಗಿನ ಎಣ್ಣೆ ತೆಳ್ಳಗಾಗಿರಬೇಕು ಎಂದು ಮಗ ಹೇಳುತ್ತಾನೆ. ಹಾಗಾದರೆ ಹೋಗುವಾಗ ಬಿಸಿಲು ಇರಲಿಲ್ಲವೇ? ಆ ಪೇದೆಗೆ ಏನಾಗಿತ್ತು? ನಾನು ಎಷ್ಟು ಸಲ ತಲೆ ಕೆರೆದುಕೊಂಡರೂ ಉತ್ತರ ಸಿಕ್ಕಿಲ್ಲ. ಅಕ್ಕನ ಬಳಿ ಉತ್ತರವಿದೆ, ಆದರೆ ಅದು ಅಕ್ಕನದು. ನಾನು ಬರೆಯಬಲ್ಲದ್ದು ಮರುದಿನ ಮುಂಜಾನೆ ಏನು ಮಾಡಿದೆ ಎಂಬುದನ್ನು ಮಾತ್ರ.

ಚಹಾ ಕುಡಿದ ಕೂಡಲೇ ಸುಜಾತಾಳ ಕೈಗೆ ಕೀಲಿ ಕೊಟ್ಟು ಹೇಳಿದೆ, "ನಡಿ ಕಮಲಾಪುರಕ್ಕ."

"ಕರಿಲಾರದ ನಾ ಹೋಗಂಗಿಲ್ಲ, ಅತ್ತೀ."

"ನಿನ್ನ ಯಾರು ಕರದಾರ? ಕರದದ್ದು ಹಿಂದ ಕೂತಾಕಿನ್ನ. ನೀ ಡ್ರೈವರ್. ಸುಮ್ನ ಹೊಡಿ."

ಭಾರದ ಗಾಡಿ ಹೊಡೆದುಕೊಂಡು ಹೋದೆವು. ಬಾಳೆಹಣ್ಣಿನ ಬಂಡಿ ಬಂದಾಗ ಅವಳು ನಿಧಾನ ಮಾಡಿದಳು. ನಾನು ಬೆನ್ನಿಗೆ ತಿವಿದೆ. ಓಣಿಗೆ ತಿರುಗಿದಳು. ಮನೆಯ ಮುಂದೆ ಮಂಟಪದ ಕಂಬ ನೆಡುತ್ತಿದ್ದರು. ಬೀಗತಿ ಬಾಗಿಲಲ್ಲೇ ನಿಂತು, ಕಂಬ ಡೊಂಕಾಗಿದೆ ಎಂದು ಅವರನ್ನು ಬೈಯುತ್ತಿದ್ದಳು. ಗಾಡಿಯ ಸದ್ದಿಗೆ ತಿರುಗಿದಳು. ಸುಜಾತಾ ಇಳಿಯಲಿಲ್ಲ. ಹೆಲ್ಮೆಟ್ಟಿನ ಗಾಜು ಏರಿಸಲಿಲ್ಲ. ಇಂಜಿನ್ ಕೂಡ ಬಂದ್ ಮಾಡಲಿಲ್ಲ. ನಾನು ಇಳಿದೆ.

"ಏನ್ ಬೀಗತಿ, ಕರಿಲಾರದ ಬಂದೀರಿ?" ಎಂದಳು.

"ನನಗ ಯಾರು ಕರಿಯೂದೂ ಬ್ಯಾಡ. ಶ್ರೀಶೈಲದಿಂದ ಮಗಳನ್ನ ಕರಕೊಂಡು ಬಂದೀನಿ. ನಮ್ಮ ಮನ್ಯಾಗ ತವರಿಲ್ಲ. ನಿಮ್ಮ ಮನ್ಯಾಗ ಅದ. ಬಾ ಅನ್ರಿ."

"ಹುಚ್ಚ ಹಿಡದದ ಏನ್ ನಿಮಗ?"

"ಹಿಡದಿರಬೇಕು. ಬಾ ಅನ್ರಿ."

ಕಂಬ ನೆಡುವವರು ಕೈ ಬಿಟ್ಟು ನೋಡುತ್ತಿದ್ದರು. ಬೀಗತಿ ನನ್ನನ್ನು ನೋಡಿದಳು, ಗಾಡಿಯನ್ನು ನೋಡಿದಳು. ಇಂಜಿನ್ ದಬದಬ ಎನ್ನುತ್ತಿತ್ತು. ಆ ಹೆಂಗಸಿನ ದವಡೆ ಬಿಗಿದದ್ದು ಅಲ್ಲಿಂದಲೇ ಕಾಣುತ್ತಿತ್ತು. ಕೊನೆಗೆ ಕಂಬದ ಕಡೆ ಮುಖ ತಿರುಗಿಸಿ, ಯಾರಿಗೋ ಹೇಳುವ ಹಾಗೆ ಹೇಳಿದಳು:

"ಅದನ್ನ ಬಂದ್ ಮಾಡು. ತಲಿ ಮ್ಯಾಲಿನ ಡಬ್ಬಿ ತಗದು ಒಳಗ ಬಾ."

ಸುಜಾತಾ ಇಂಜಿನ್ ಬಂದ್ ಮಾಡಿದಳು. ಹೆಲ್ಮೆಟ್ ತೆಗೆದು ನನ್ನ ಕೈಗೆ ತುರುಕಿದಳು. ಅಷ್ಟರಲ್ಲಿ ಒಳಗಿನಿಂದ ತಂಗಿ ಓಡಿ ಬಂದಳು. ಆಮೇಲೆ ಒಳಗೆ ಏನು ಗದ್ದಲವೋ, ನಾನು ನೋಡಲಿಲ್ಲ. ಗಾಡಿ ಬಿಸಿಲಲ್ಲಿ ನಿಂತಿತ್ತು. ಬೇವಿನ ಮರದ ನೆರಳಿಗೆ ಹಾಕೋಣವೆಂದು ಸೈಡ್ ಸ್ಟ್ಯಾಂಡ್ ಎತ್ತಿ, ಇದ್ದ ಶಕ್ತಿಯನ್ನೆಲ್ಲ ಹಾಕಿ ತಳ್ಳಿದೆ. ಅದು ಸೈಕಲ್ಲಿನ ಹಾಗೆ ಮುಂದೆ ಓಡಿ, ನನ್ನನ್ನೂ ಎಳೆದುಕೊಂಡು ಹೋಗಿ, ಮರಕ್ಕೆ ತಾಗಿ ನಿಂತಿತು. ಹಿಂದಿನ ಸ್ಪ್ರಿಂಗ್ ಮೇಲೆ ಬಂದಿತ್ತು.

"ಅಲ್ಲೇನ್ ಮಾಡಾಕತ್ತೀರಿ ಬೀಗತಿ, ಚಹಾ ಆರ್ತದ, ನೀವೂ ಬರ್ರಿ," ಎಂದು ಸುಜಾತಾಳ ತಾಯಿ ಒಳಗಿನಿಂದ ಕೂಗಿದಳು.

ಬಾಗಿಲಿಗೆ ಹೋದೆ. ಹೊಸ್ತಿಲ ಮುಂದೆ, ಯಾರಿಗೋ ದಾರಿ ಬಿಡುವ ಹಾಗೆ, ಒಂದು ಗಳಿಗೆ ಪಕ್ಕಕ್ಕೆ ಸರಿದು ನಿಂತೆ. ಆಮೇಲೆ ಒಳಗೆ ಹೋದೆ.